ಪೈಪಿನಲ್ಲಿ ಉಳಿದ ನೀರು

ಬರ್ಕಾದಲ್ಲಿ ಬೆಳಗಿನ ಮೂರಕ್ಕೇ ಸಾಲು.
ನನ್ನ ನೀಲಿ ಟ್ಯಾಂಕರು ಹನ್ನೊಂದನೆಯದು;
ಮುಂದೆ ಪಠಾಣ, ಹಿಂದೆ ಮಲಬಾರಿ,
ನಡುವೆ ಗಂಗೊಳ್ಳಿಯ ಖಾರ್ವಿಕೇರಿಯ ನಾನು.
ಅಪ್ಪ ಕಡಲಿಗಿಳಿದು ಮೀನು ತಂದ.
ನಾನು ಕಡಲನ್ನೇ
ಉಪ್ಪು ಬಿಡಿಸಿ, ಮುಚ್ಚಳ ಬಿಗಿದು
ಬೆಟ್ಟಕ್ಕೆ ಹೊರುತ್ತೇನೆ.

ಸಾವಿರದ ಇನ್ನೂರು ಗ್ಯಾಲನ್.
ಟಾರು ಮುಗಿದ ಮೇಲೆ ಎರಡನೇ ಗೇರು.
ತಿರುವಿನಲ್ಲಿ ಮೊದಲು ನೀರು ಹೊರಳುತ್ತದೆ ಒಳಗೆ,
ಆಮೇಲೆ ಲಾರಿ ಯೋಚಿಸುತ್ತದೆ,
ತಾನೂ ಹೊರಳಲೋ ಬೇಡವೋ ಎಂದು.
ಹೋದ ವರ್ಷ ವಾದಿ ಉಕ್ಕಿ
ಒಂಬತ್ತು ದಿನ ಈ ರಸ್ತೆ ರಸ್ತೆಯಾಗಿರಲಿಲ್ಲ.
ನೀರು ತರುವ ದಾರಿಯನ್ನು ನೀರೇ ಕೊಚ್ಚಿಕೊಂಡು ಹೋಯಿತು.
ಮೇಲಿನವರು ಕೆಸರು ಸೋಸಿ ಕುಡಿದರು,
ಮಕ್ಕಳಿಗೆ ಭೇದಿ ಹತ್ತಿತು.

ಹೈಲ್ ಸಿದ್ರ್: ಇಪ್ಪತ್ತಾರು ಮನೆ, ಒಂದು ಮಸೀದಿ,
ಒಣಗಿದ ಒಂದು ಫಲಜ್.
ಯಾವ ಮುತ್ತಜ್ಜಂದಿರೋ ಬೆಟ್ಟದ ಹೊಟ್ಟೆ ಕೊರೆದು
ಊರಿಗೆ ಇಳಿಸಿದ ಕಾಲುವೆ;
ಈಗ ಅದರಲ್ಲಿ ಹಲ್ಲಿ ಹರಿಯುತ್ತದೆ.
ಬಾವಿಯೂ ಇದೆ. ಅದರ ನೀರಲ್ಲಿ ಚಹಾ ಇಟ್ಟರೆ
ಹಾಲು ಒಡೆಯುತ್ತದೆ.

ಸುವೈಲಿಮ್ ಬಿನ್ ಖಮೀಸ್ ಫಲಜಿನ ವಕೀಲ.
ಕೋರ್ಟಿನವನಲ್ಲ, ನೀರಿನ ಪಾಲು ಹಂಚುವವ.
ಹಗಲು ನೆಟ್ಟ ಕೋಲಿನ ನೆರಳು, ರಾತ್ರಿ ನಕ್ಷತ್ರ;
ಇವರಿಗಿಷ್ಟು ಅಥರ್, ಅವರಿಗಿಷ್ಟು.
ಒಂದು ಅಥರ್ ಅಂದರೆ ಅರ್ಧ ಗಂಟೆಯ ಹರಿವು.
ಹರಿವು ನಿಂತು ಏಳು ವರ್ಷ. ಮುದುಕ ನಿಂತಿಲ್ಲ.
ನನ್ನ ಹಾರ್ನು ಕೇಳಿದರೆ ಕೋಲು ಹಿಡಿದು ಬಂದು
ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂತು
ನೆರಳು ಅಳೆಯುತ್ತಾನೆ.

ನನ್ನ ಹತ್ತಿರ ಪಟ್ಟಿಯಿದೆ.
ಮನೆಗೆ ನಲವತ್ತು ಗ್ಯಾಲನ್, ಮಸೀದಿಗೆ ನೂರರವತ್ತು.
ಕೂಡಿ ನೋಡಿ: ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ.
ಕ್ಲೋರಿನ್ ಕಾಗದ ಅದ್ದುತ್ತೇನೆ. ತಿಳಿ ಗುಲಾಬಿ. ಸರಿ.
ಆದರೆ ನೀರು ಹೋಗಿ ಬೀಳುವುದು ಮಾಳಿಗೆಯ ಟಾಕಿಗೆ,
ಮುಚ್ಚಳ ಗಾಳಿಗೆ ಹಾರಿದ್ದು, ಪಾರಿವಾಳ ಕೂರುವಂಥದ್ದು.
ಅಲ್ಲಿಯವರೆಗೆ ಯಾರ ಕಾಗದವೂ ಹತ್ತುವುದಿಲ್ಲ.

ಷಮ್ಸಾ ಅಜ್ಜಿ ಬೊಗಸೆಯೊಡ್ಡಿ ರುಚಿ ನೋಡಿ
ಪ್ರತಿಸಲ ಮುಖ ಹುಳ್ಳಗೆ ಮಾಡುತ್ತಾಳೆ:
"ಈ ನೀರಿಗೆ ತಾಯಿಯಿಲ್ಲ."
ಇದೆ ಅಜ್ಜಿ. ಅವಳಲ್ಲಿ ಮೊಣಕಾಲುದ್ದ ನಿಂತು
ಬಲೆ ತೊಳೆದವನು ನಾನು.
ಇಷ್ಟನ್ನು ಅರಬ್ಬಿಯಲ್ಲಿ ಹೇಳಲು ಬರುವುದಿಲ್ಲ ನನಗೆ.

ಜೂನಿನಲ್ಲಿ ಒಂದು ದಿನ ಖರ್ಜೂರದ ತೋಟದಿಂದ ಬಂದರು
ರುಸ್ತುಂ, ಮೊಫಿಜುಲ್, ಇನ್ನೊಬ್ಬ ಹುಡುಗ;
ಬಂಗಾಳದವರು, ಎಣ್ಣೆಯ ಡಬ್ಬಿ ಉಜ್ಜಿ ತೊಳೆದು ತಂದಿದ್ದರು.
ತೋಟದ ಧಣಿ ಮಸ್ಕತ್ತಿನಲ್ಲಿ. ಇವರು ಪಟ್ಟಿಯಲ್ಲಿಲ್ಲ.
ಪಟ್ಟಿ ಬಿಡಿಸಿ ತೋರಿಸಿದೆ.
ಓದಲು ಬಾರದವರಿಗೆ ಪಟ್ಟಿ ತೋರಿಸುವುದು ಸುಲಭ.

ಮುದುಕ ಎದ್ದ.
"ಫಲಜ್ ನೆಲದಿಂದ ಬೆಳಕಿಗೆ ಬರುವ ಜಾಗವೊಂದಿತ್ತು.
ಅಲ್ಲಿ ಮೀಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ.
ಅಲ್ಲಿ ದಾರಿಹೋಕ ಕುಡಿಯುತ್ತಿದ್ದ.
ಪಾಲು ಶುರುವಾಗುವುದು ಅದರ ಕೆಳಗೆ.
ನಿನ್ನ ಲಾರಿಯಲ್ಲಿ ಆ ಜಾಗ ಎಲ್ಲಿದೆ?"

ಹುಡುಕಿದೆ. ಟ್ಯಾಂಕಿಗೆ ಬೀಗ. ಮೀಟರಿಗೆ ಸೀಲು.
ಮೀಟರು ದಾಟಿದರೆ ಮೂವತ್ತು ಮೀಟರು ಪೈಪು.
ವಾಲ್ವು ತಿರುಗಿಸಿದ ಮೇಲೂ ಅದರ ಹೊಟ್ಟೆಯಲ್ಲಿ
ಒಂದಿಷ್ಟು ನಿಂತಿರುತ್ತದೆ,
ಲೆಕ್ಕಕ್ಕೆ ಬಂದದ್ದು, ಯಾರ ಟಾಕಿಗೂ ಸೇರದ್ದು.
ಸುತ್ತಲು ಹಗುರಾಗಲೆಂದು ಇಷ್ಟು ವರ್ಷ
ಅದನ್ನು ಜಲ್ಲಿಕಲ್ಲಿನ ಮೇಲೆ ಕೊಡವಿದ್ದೇನೆ.

ಈಗ ಕೊನೆಯ ಮನೆ ಮುಗಿದ ಮೇಲೆ
ಪೈಪನ್ನು ಹೆಗಲಿಗೆ ಏರಿಸುತ್ತೇವೆ ನಾಲ್ವರು,
ಸತ್ತ ಹೆಬ್ಬಾವು ಹೊತ್ತಂತೆ;
ಒಂದು ತುದಿಯಿಂದ ಎತ್ತುತ್ತ ಎತ್ತುತ್ತ ನಡೆಯುತ್ತೇವೆ.
ಆ ತುದಿಯಲ್ಲಿ ಮುದುಕ, ಡಬ್ಬಿಯ ಬಾಯಿಗೆ ಹಿಡಿದು.
ಎರಡು ತುಂಬುತ್ತವೆ, ಮೂರನೆಯದು ಅರ್ಧ.

ಸಾಲುವುದಿಲ್ಲ, ಗೊತ್ತು.
ಗುರುವಾರ ಮತ್ತೆ ಬರುತ್ತೇನೆ,
ರಸ್ತೆ ಇದ್ದರೆ.